ರೋಗ್ ಪಾತ್ರ: ತಪ್ಪು ಕಲ್ಪನೆ ಮತ್ತು ಸತ್ಯ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ ಪಾತ್ರವರ್ಗಗಳಲ್ಲಿ ರೋಗ್‌ನಷ್ಟು ತಪ್ಪು ತಿಳಿವಳಿಕೆಗೆ ಸಿಕ್ಕಿದ್ದು ಇನ್ನೊಂದಿಲ್ಲ. ಕಪ್ಪು ಮುಸುಕು, ಸೊಂಟದಲ್ಲಿ ಎರಡು ಕಿರುಗತ್ತಿ, ಯಾರನ್ನೂ ಹತ್ತಿರ ಸೇರಿಸದ ಒಂಟಿ ಸ್ವಭಾವ, ಸಿಕ್ಕಿದ ಜೇಬಿಗೆಲ್ಲ ಕೈ ಹಾಕುವ ಚಟ: ಹೆಸರು ಕೇಳಿದೊಡನೆ ಬಹುತೇಕ ಆಟಗಾರರ ಕಣ್ಣಮುಂದೆ ನಿಲ್ಲುವ ರೂಪ ಇದು. ನಿಯಮಪುಸ್ತಕದಲ್ಲಿರುವ ಪಾತ್ರವೇ ಬೇರೆ. ಅಲ್ಲಿನ ರೋಗ್ ಕಸುಬು ಬಲ್ಲವನು. ಜೊತೆಗಾರರನ್ನು ಅವನಷ್ಟು ನೆಚ್ಚಿಕೊಂಡ ಪಾತ್ರ ಇಡೀ ತಂಡದಲ್ಲಿ ಇರುವುದು ಅಪರೂಪ.

ಆಟ ಹುಟ್ಟಿದಾಗಲೇ ಈ ಪಾತ್ರವೂ ಹುಟ್ಟಿತು ಎಂಬ ನಂಬಿಕೆಯಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಆಟ 1974ರಲ್ಲಿ ಪ್ರಕಟವಾದಾಗ ಅದರಲ್ಲಿ ಇದ್ದದ್ದು ಮೂರೇ ವರ್ಗ: ಯೋಧ, ಮಾಂತ್ರಿಕ ಮತ್ತು ಕ್ಲೆರಿಕ್. ಬೀಗ ತೆಗೆಯುವ, ಗೋಡೆ ಹತ್ತುವ ಥೀಫ್, ಅಂದರೆ ಇವತ್ತಿನ ರೋಗ್‌ನ ಹಳೆಯ ರೂಪ, ಬಂದದ್ದು ಮರುವರ್ಷ, ಗ್ರೇಹಾಕ್ ಎಂಬ ಅನುಬಂಧದಲ್ಲಿ. ಅದೇ 1975ರಲ್ಲಿ ಬ್ಲ್ಯಾಕ್‌ಮೂರ್ ಅನುಬಂಧ ಅಸ್ಯಾಸಿನ್‌ನನ್ನು ಸೇರಿಸಿತು. ಥೀಫ್‌ನ ಬೆನ್ನಿಗಿದ್ದ ಪ್ರೇರಣೆ ಕಥೆ-ಕಾದಂಬರಿಗಳದ್ದು: ಫ್ರಿಟ್ಜ್ ಲೀಬರ್‌ನ ಗ್ರೇ ಮೌಸರ್, ಜ್ಯಾಕ್ ವ್ಯಾನ್ಸ್‌ನ ಕ್ಯೂಗೆಲ್, ರೋಜರ್ ಝೆಲಾಜ್ನಿಯ ಜ್ಯಾಕ್ ಆಫ್ ಶ್ಯಾಡೋಸ್.

ಹಳೆಯ ಥೀಫ್ ನೆರಳಿನಲ್ಲಿ ಕರಗಿಹೋಗುವ ನಿಪುಣನಾಗಿದ್ದ, ಈಗಿನವನು ಅವನ ಮುಂದೆ ಸಪ್ಪೆ ಎಂಬ ಮಾತನ್ನೂ ಅಂಕಿಗಳು ಒಪ್ಪುವುದಿಲ್ಲ. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಮೊದಲ ಹಂತದ ಥೀಫ್‌ಗೆ ನೆರಳಲ್ಲಿ ಅಡಗಲು ಇದ್ದ ಮೂಲ ಸಾಧ್ಯತೆ ಶೇ. 10. ಸದ್ದಿಲ್ಲದೆ ನಡೆಯಲು ಶೇ. 15, ಬೀಗ ತೆಗೆಯಲು ಶೇ. 25. ಗೋಡೆ ಹತ್ತುವುದರಲ್ಲಿ ಮಾತ್ರ ಶೇ. 85. ಅಂದರೆ ಹತ್ತು ಸಲ ಅಡಗಲು ಹೋದರೆ ಒಂಬತ್ತು ಸಲ ಸಿಕ್ಕಿಬೀಳುವ ಪಾತ್ರ ಅದು. ಅಡಗುವ ವಿದ್ಯೆ ನಿಜವಾಗಿ ಕೈಹಿಡಿದದ್ದು ಇತ್ತೀಚಿನ ಆವೃತ್ತಿಗಳಲ್ಲಿ.

ರೋಗ್ ಎಂದರೆ ಕಳ್ಳ, ಆದ್ದರಿಂದ ಕೆಟ್ಟವನು ಎಂಬ ಕಲ್ಪನೆಗೆ ಮಾತ್ರ ಹಳೆಯ ನಿಯಮಗಳಲ್ಲಿ ಆಧಾರವಿದೆ. 1978ರ ಪುಸ್ತಕದಲ್ಲಿ ಅಸ್ಯಾಸಿನ್ ಆಗಬೇಕಾದರೆ ಪಾತ್ರ ದುಷ್ಟ ಸ್ವಭಾವದ್ದೇ ಆಗಿರಬೇಕಿತ್ತು. 1989ರ ಎರಡನೇ ಆವೃತ್ತಿಯಲ್ಲೂ ಥೀಫ್‌ಗೆ ಧರ್ಮನಿಷ್ಠ ಸಜ್ಜನಿಕೆಯೊಂದು ನಿಷಿದ್ಧವಾಗಿತ್ತು. 2000ದಲ್ಲಿ ಬಂದ ಮೂರನೇ ಆವೃತ್ತಿ ಈ ಕಟ್ಟನ್ನು ಬಿಚ್ಚಿತು. ವರ್ಗದ ಹೆಸರೇ ರೋಗ್ ಆಯಿತು, ಯಾವ ಸ್ವಭಾವದವರೂ ಈ ವರ್ಗಕ್ಕೆ ಸೇರಬಹುದು ಎಂದಾಯಿತು. ಪತ್ತೇದಾರ, ಬೀಗದ ಕುಶಲಕರ್ಮಿ, ರಾಜದೂತನ ಗೂಢಚಾರ, ಕಾಡಿನ ದಾರಿ ಬಲ್ಲವನು, ಎಲ್ಲರೂ ಇವತ್ತು ರೋಗ್ ಆಗಬಹುದು. ಜೊತೆಗಾರರ ಚೀಲದಿಂದಲೇ ಚಿನ್ನ ಕದ್ದು, ನನ್ನ ಪಾತ್ರ ಇರುವುದೇ ಹಾಗೆ ಎಂದು ವಾದಿಸುವ ಆಟಗಾರನಿಗೆ ನಿಯಮಗಳ ಬೆಂಬಲ ಇಲ್ಲ. ಒಂದು ಮೇಜಿನ ಆಟವನ್ನು ಕೆಡಿಸಲು ಇದಕ್ಕಿಂತ ಹತ್ತಿರದ ದಾರಿಯೂ ಇಲ್ಲ.

ಅತಿ ಹೆಚ್ಚು ಗೊಂದಲ ಇರುವುದು ಸ್ನೀಕ್ ಅಟ್ಯಾಕ್ ಬಗ್ಗೆ. ಹೆಸರು ಕೇಳಿದವರು, ಅಡಗಿ ಕೂತು ಹಿಂದಿನಿಂದ ಇರಿದರೆ ಮಾತ್ರ ಅದು ಸಿಗುತ್ತದೆ ಎಂದುಕೊಳ್ಳುತ್ತಾರೆ. ಹಳೆಯ ಬ್ಯಾಕ್‌ಸ್ಟ್ಯಾಬ್ ನಿಯಮ ಹಾಗೇ ಇತ್ತು. 2014ರ ಐದನೇ ಆವೃತ್ತಿ ಕೇಳುವುದು ಬೇರೆ. ಆಯುಧ ಫಿನೆಸ್ ಗುಣದ್ದೋ ದೂರದಿಂದ ಹೊಡೆಯುವಂಥದ್ದೋ ಆಗಿರಬೇಕು. ಜೊತೆಗೆ, ದಾಳಿಗೆ ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ಹೆಚ್ಚು ಬಿದ್ದದ್ದನ್ನು ಇಟ್ಟುಕೊಳ್ಳುವ ಅನುಕೂಲ) ಇರಬೇಕು. ಅದಿಲ್ಲದಿದ್ದರೆ ಗುರಿಯಿಂದ 5 ಅಡಿಯೊಳಗೆ ಅದರ ವೈರಿಯೊಬ್ಬ ಎಚ್ಚರದಿಂದ ನಿಂತಿರಬೇಕು, ದಾಳಿಗೆ ಡಿಸ್‌ಅಡ್ವಾಂಟೇಜ್ ಇರಬಾರದು. ಆ ವೈರಿ ಸಾಮಾನ್ಯವಾಗಿ ರೋಗ್‌ನ ಜೊತೆಗಾರನೇ. ಅಡಗುವ ಮಾತೇ ಇಲ್ಲಿ ಇಲ್ಲ. ಹಾಡುಹಗಲಲ್ಲಿ, ಎದುರಾಳಿಯ ಮುಖ ನೋಡಿಕೊಂಡೇ ಸ್ನೀಕ್ ಅಟ್ಯಾಕ್ ಮಾಡಬಹುದು.

ಐದನೇ ಹಂತದ, ಚುರುಕುತನ 18 ಇರುವ ರೋಗ್ ಒಬ್ಬಳು ರೇಪಿಯರ್ ಹಿಡಿದು ಓಗರ್ ಒಂದರ ಮುಂದೆ ನಿಂತಿದ್ದಾಳೆ ಎನ್ನೋಣ. ಒಂಟಿಯಾಗಿದ್ದರೆ ಅವಳ ಏಟಿಗೆ ಎಂಟು ಮುಖದ ಒಂದು ದಾಳ, ಅದಕ್ಕೆ 4 ಸೇರಿಕೆ, ಸರಾಸರಿ ಎಂಟೂವರೆ. ಗುರಾಣಿ ಹಿಡಿದ ಯೋಧ ಓಗರ್‌ನ ಪಕ್ಕಕ್ಕೆ ಬಂದು ನಿಂತ ಕೂಡಲೇ ಅದೇ ಏಟಿಗೆ ಆರು ಮುಖದ ಮೂರು ದಾಳ ಕೂಡಿಕೊಂಡು ಸರಾಸರಿ 19 ಆಗುತ್ತದೆ. ಅವಳ ಕತ್ತಿ ಬದಲಾಗಲಿಲ್ಲ, ನಿಂತ ಜಾಗವೂ ಬದಲಾಗಲಿಲ್ಲ. ಬದಲಾದದ್ದು ಯೋಧ ನಿಂತ ಜಾಗ. ಒಂಟಿ ತೋಳದಂಥ ರೋಗ್ ಎಂಬ ಜನಪ್ರಿಯ ಚಿತ್ರ ಮುರಿದುಬೀಳುವುದು ಇಲ್ಲೇ.

ಒಂದು ಸುತ್ತಿನಲ್ಲಿ ಒಮ್ಮೆ ಮಾತ್ರ ಸ್ನೀಕ್ ಅಟ್ಯಾಕ್ ಎಂದು ಅನೇಕ ಮೇಜುಗಳಲ್ಲಿ ಆಡಿಸುತ್ತಾರೆ. ನಿಯಮ ಹೇಳುವುದು ಸರದಿಗೆ ಒಮ್ಮೆ ಎಂದು. ತನ್ನ ಸರದಿಯಲ್ಲಿ ಒಮ್ಮೆ ಹೊಡೆದ ರೋಗ್, ಓಡಿಹೋಗುವ ವೈರಿಯ ಮೇಲೆ ಆ ವೈರಿಯ ಸರದಿಯಲ್ಲಿ ರಿಯಾಕ್ಷನ್ ಬಳಸಿ ಹೊಡೆದರೆ, ಷರತ್ತು ಕೂಡಿಬಂದಲ್ಲಿ ಮತ್ತೊಮ್ಮೆ ಅಷ್ಟೂ ದಾಳ ಸಿಗುತ್ತವೆ. ಬ್ಯಾಟಲ್ ಮಾಸ್ಟರ್ ಯೋಧನು ಕಮಾಂಡರ್ಸ್ ಸ್ಟ್ರೈಕ್ ಎಂಬ ತಂತ್ರದಿಂದ ತನ್ನದೊಂದು ಏಟನ್ನು ಜೊತೆಗಾರನಿಗೆ ಬಿಟ್ಟುಕೊಡಬಹುದು. ಅದನ್ನು ಪಡೆಯಲು ತಂಡದಲ್ಲಿ ರೋಗ್‌ಗಿಂತ ಯೋಗ್ಯರು ಸಿಗುವುದು ಕಷ್ಟ. ಇನ್ನು ಅಸ್ಥಿಪಂಜರಕ್ಕೆ, ಕಲ್ಲಿನ ಗೊಂಬೆಗೆ ಸ್ನೀಕ್ ಅಟ್ಯಾಕ್ ತಾಕದು ಎಂಬುದು ಮೂರನೇ ಆವೃತ್ತಿಯ ನಿಯಮ. ಐದನೆಯದರಲ್ಲಿ ಅದು ಉಳಿದಿಲ್ಲ.

ಅಡಗುವುದೆಂದರೆ ಮಾಯವಾಗುವುದು ಎಂಬುದು ಇನ್ನೊಂದು ಭ್ರಮೆ. 2014ರ ನಿಯಮದಲ್ಲಿ, ದಾಳ ಎಷ್ಟೇ ಚೆನ್ನಾಗಿ ಬಿದ್ದರೂ, ಸ್ಪಷ್ಟವಾಗಿ ಕಾಣುತ್ತಿರುವಾಗ ಯಾರಿಂದಲೂ ಅಡಗಲು ಸಾಧ್ಯವಿಲ್ಲ. ಮೊದಲು ಮರೆ ಬೇಕು. ಕತ್ತಲಿದ್ದರೆ ಸಾಕು ಎಂದು ನಂಬಿ ಅನೇಕ ರೋಗ್‌ಗಳು ಪ್ರಾಣ ಕಳೆದುಕೊಂಡಿವೆ. ಗಾಬ್ಲಿನ್‌ಗೆ 60 ಅಡಿಯವರೆಗೆ ಡಾರ್ಕ್‌ವಿಷನ್ ಇದೆ; ಮನುಷ್ಯನಿಗೆ ಕಗ್ಗತ್ತಲಾದ ಸುರಂಗ ಅದಕ್ಕೆ ಮಬ್ಬು ಬೆಳಕಷ್ಟೇ, ಮಬ್ಬು ಬೆಳಕು ಮರೆಯಾಗಿ ಲೆಕ್ಕಕ್ಕೆ ಬರದು. ಕಂಬ, ಗೋಡೆ, ಪೀಪಾಯಿ ಏನಾದರೂ ಅಡ್ಡ ಇರಲೇಬೇಕು. ಮರೆ ಸಿಕ್ಕ ಮೇಲೆ ಕೌಶಲದ ಲೆಕ್ಕ. ಮೇಲೆ ಹೇಳಿದ ರೋಗ್ ಅಡಗುವುದರಲ್ಲಿ ಎಕ್ಸ್‌ಪರ್ಟೀಸ್ (ಇಮ್ಮಡಿ ಪರಿಣತಿ) ಪಡೆದಿದ್ದರೆ ಅವಳ ಸೇರಿಕೆ 10. ಗಾಬ್ಲಿನ್‌ನ ಸಹಜ ಗಮನಶಕ್ತಿ 9, ಹಾಗಾಗಿ ಅವಳು ಅದರ ಕಣ್ಣಿಗೆ ಬೀಳುವುದಿಲ್ಲ. ವಯಸ್ಕ ಕೆಂಪು ಡ್ರ್ಯಾಗನ್‌ನದು 23. ಅದನ್ನು ಮುಟ್ಟಲು ಇಪ್ಪತ್ತು ಮುಖದ ದಾಳದಲ್ಲಿ ಕನಿಷ್ಠ 13 ಬೀಳಬೇಕು.

ವಿಶೇಷ ಪರಿಣತಿಗಳಿಗೆ ಬಂದರೆ, ಅವು ಹೆಸರಿನಲ್ಲಷ್ಟೇ ಬೇರೆ ಎಂಬ ಭಾವನೆ ಬಲವಾಗಿದೆ. 2014ರ ಮೂಲ ಪುಸ್ತಕದಲ್ಲಿ ಮೂರನೇ ಹಂತಕ್ಕೆ ಬಂದ ರೋಗ್ ಆರಿಸಬಹುದಾದದ್ದು ಥೀಫ್, ಅಸ್ಯಾಸಿನ್, ಆರ್ಕೇನ್ ಟ್ರಿಕ್‌ಸ್ಟರ್ ಎಂಬ ಮೂರು ದಾರಿಗಳಲ್ಲಿ ಒಂದನ್ನು. ಥೀಫ್‌ನ ಬಲ ಕೈಚಳಕದಲ್ಲಿದೆ. 13ನೇ ಹಂತದಲ್ಲಿ ಅವನು ಬೇರೆ ವರ್ಗದವರಿಗೆ ಮೀಸಲಾದ ಮಾಂತ್ರಿಕ ವಸ್ತುಗಳನ್ನೂ ಬಳಸಬಲ್ಲ. ಆರ್ಕೇನ್ ಟ್ರಿಕ್‌ಸ್ಟರ್ ಕಣ್ಣಿಗೆ ಕಾಣದ ಮಾಂತ್ರಿಕ ಕೈಯಿಂದ ದೂರದ ಬೀಗ ತೆಗೆಯುತ್ತಾನೆ. ನಂತರದ ಪುಸ್ತಕಗಳ ಇನ್‌ಕ್ವಿಸಿಟಿವ್ ಎದುರಾಳಿಯ ಮನಸ್ಸನ್ನು ಓದಿ ಅವನ ದುರ್ಬಲ ಜಾಗ ಹಿಡಿಯುತ್ತಾನೆ, ಮಾಸ್ಟರ್‌ಮೈಂಡ್ 30 ಅಡಿ ದೂರದಿಂದಲೇ ಜೊತೆಗಾರನಿಗೆ ನೆರವಾಗುತ್ತಾನೆ, ಸ್ಕೌಟ್ ಕಾಡುಮೇಡಿನವನು. ಜೊತೆಗಾರರಿಲ್ಲದೆ ಒಬ್ಬನೊಡನೆ ಒಬ್ಬ ಕಾದಾಡುವಾಗಲೂ ಸ್ನೀಕ್ ಅಟ್ಯಾಕ್ ಪಡೆಯುವುದು ಸ್ವಾಶ್‌ಬಕ್ಲರ್‌ನ ಹೆಗ್ಗಳಿಕೆ. ವಿಚಿತ್ರವೆಂದರೆ ಒಂಟಿ ಹೋರಾಟಕ್ಕೆಂದೇ ಕಟ್ಟಿದ ಈ ರೋಗ್ ಕತ್ತಲಲ್ಲಿ ಅಡಗುವವನಲ್ಲ, ಎಲ್ಲರೆದುರು ಮೆರೆಯುವವನು.

ಅಸ್ಯಾಸಿನ್ ಎಲ್ಲರಿಗಿಂತ ಬಲಶಾಲಿ ಎಂಬ ನಂಬಿಕೆ ಹೊಸಬರನ್ನು ಹೆಚ್ಚು ನಿರಾಸೆಗೊಳಿಸುತ್ತದೆ. 2014ರ ನಿಯಮದಲ್ಲಿ, ಅಚ್ಚರಿಗೆ ಒಳಗಾದ ವೈರಿಗೆ ಅವನ ಏಟು ತಾಗಿದರೆ ಅದು ಕ್ರಿಟಿಕಲ್, ಸ್ನೀಕ್ ಅಟ್ಯಾಕ್ ದಾಳಗಳೂ ಇಮ್ಮಡಿ. ಓದಲು ರೋಮಾಂಚನ. ಆದರೆ ಅಸ್ಯಾಸಿನ್‌ನ ತಂಡದಲ್ಲಿ ಒಬ್ಬನನ್ನು ವೈರಿ ಕಂಡರೂ ಅಚ್ಚರಿ ಇಲ್ಲ. ಪ್ಲೇಟ್ ಕವಚ ತೊಟ್ಟ ಪ್ಯಾಲಡಿನ್ ಸದ್ದಿಲ್ಲದೆ ನಡೆಯುವಾಗ ಎರಡು ದಾಳ ಉರುಳಿಸಿ ಕಡಿಮೆ ಬಿದ್ದದ್ದನ್ನೇ ಇಟ್ಟುಕೊಳ್ಳಬೇಕು. ಅವನು ಎಡವಿದರೆ ಅಸ್ಯಾಸಿನ್‌ನ ಯೋಜನೆ ಮಣ್ಣುಪಾಲು. ವೈರಿಯ ಸರದಿ ಮೊದಲು ಬಂದು ಮುಗಿದರೂ ಅಷ್ಟೇ. ಇದೇ ಪರಿಣತಿಯ ತಾಳ್ಮೆಯ ಭಾಗವನ್ನು ಹೆಚ್ಚಿನವರು ಓದುವುದೇ ಇಲ್ಲ: 9ನೇ ಹಂತದಲ್ಲಿ ಏಳು ದಿನ ಮತ್ತು 25 ಚಿನ್ನದ ನಾಣ್ಯ ಕೊಟ್ಟರೆ ಬೇರೊಬ್ಬ ವ್ಯಕ್ತಿಯಾಗಿ ಬದುಕಲು ಬೇಕಾದ ಇತಿಹಾಸ, ಕಸುಬು, ಪರಿಚಯಗಳೆಲ್ಲ ಸಿದ್ಧ. ಅರಮನೆಯ ರಾಜಕೀಯ ತುಂಬಿದ ಕಥೆಯಲ್ಲಿ ಆ ವೇಷ ಕತ್ತಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕಾಳಗದಲ್ಲಿ ಅತಿ ಹೆಚ್ಚು ಹಾನಿ ಮಾಡುವವನೇ ರೋಗ್ ಎಂಬುದೂ ನಿಲ್ಲದ ಮಾತು. ಐದನೇ ಹಂತದ ಯೋಧ ದೊಡ್ಡ ಕತ್ತಿಯಿಂದ ಎರಡು ಸಲ ಹೊಡೆಯುತ್ತಾನೆ, ಒಂದು ತಪ್ಪಿದರೂ ಇನ್ನೊಂದು ಉಳಿದಿರುತ್ತದೆ. ರೋಗ್‌ಗೆ ಸಾಮಾನ್ಯವಾಗಿ ಇರುವುದು ಒಂದೇ ಏಟು. ಅವನ ನಿಜವಾದ ಹಿರಿಮೆ ಕಾಳಗದ ಆಚೆ ಇದೆ. ಬೇರೆ ಹೆಚ್ಚಿನ ವರ್ಗಗಳಿಗೆ ವರ್ಗದಿಂದ ಎರಡು ಕೌಶಲ ಸಿಕ್ಕರೆ ರೋಗ್‌ಗೆ ನಾಲ್ಕು. ಅವುಗಳಲ್ಲಿ ಕೆಲವಕ್ಕೆ ಇಮ್ಮಡಿ ಪರಿಣತಿ. 11ನೇ ಹಂತದಲ್ಲಿ ರಿಲಯಬಲ್ ಟ್ಯಾಲೆಂಟ್ ಬಂದ ಮೇಲೆ, ಬಲ್ಲ ಕೌಶಲದಲ್ಲಿ ದಾಳ 9 ಅಥವಾ ಕಡಿಮೆ ಬಿದ್ದರೂ ಅದು 10 ಎಂದೇ ಲೆಕ್ಕ. 2024ರ ಪರಿಷ್ಕೃತ ನಿಯಮ ಇದನ್ನು 7ನೇ ಹಂತಕ್ಕೇ ಕೊಟ್ಟಿದೆ.

ಹೊಸ ತಪ್ಪು ಕಲ್ಪನೆಗಳು ಹುಟ್ಟುತ್ತಿರುವುದು ವಿಡಿಯೋ ಗೇಮ್‌ಗಳಿಂದ. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಥೀಫ್‌ಗೆ ಪ್ರತಿ ಸರದಿಯಲ್ಲಿ ಒಂದು ಹೆಚ್ಚುವರಿ ಬೋನಸ್ ಆ್ಯಕ್ಷನ್ ಸಿಗುತ್ತದೆ, ಅದರಿಂದ ಅವನು ಅಲ್ಲಿ ಬಹಳ ಬಲಿಷ್ಠ. ಮೇಜಿನ ಮೇಲಿನ ಆಟದ ಥೀಫ್‌ಗೆ ಹಾಗಿಲ್ಲ. ಇರುವ ಒಂದೇ ಬೋನಸ್ ಆ್ಯಕ್ಷನ್‌ನಲ್ಲಿ ಬೀಗ ತೆಗೆಯುವಂಥ ಕೆಲಸಗಳನ್ನೂ ಮಾಡಬಹುದು, ಅಷ್ಟೇ. ಗೇಮ್ ಆಡಿ ಬಂದವರು ಮೊದಲ ದಿನವೇ ಆಟ ನಡೆಸುವ ಡಂಜನ್ ಮಾಸ್ಟರ್ ಬಳಿ ಇದನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಪರಿಣತಿ ಆರಿಸುವ ಮುನ್ನ ಕೇಳಬೇಕಾದ ಇನ್ನೊಂದು ಪ್ರಶ್ನೆಯೂ ಇದೆ: ತಂಡದಲ್ಲಿ ಮುಂದೆ ನಿಂತು ಏಟು ತಿನ್ನುವವರು ಯಾರು? ಅಂಥವರು ಇಬ್ಬರಿದ್ದರೆ ಯಾವ ದಾರಿ ಹಿಡಿದರೂ ನಡೆಯುತ್ತದೆ. ಒಬ್ಬರೂ ಇಲ್ಲದಿದ್ದರೆ ಸ್ವಾಶ್‌ಬಕ್ಲರ್ ಆರಿಸಿಕೊಳ್ಳಿ.