ಅಕ್ಕನ ಬಸದಿಯ ಕಡೆದ ಕಂಬಗಳು

ಶ್ರವಣಬೆಳಗೊಳವೆಂದೊಡನೆ ದೊಡ್ಡಬೆಟ್ಟದ ಗೊಮ್ಮಟಮೂರ್ತಿಯು ನೆನಪಿಗೆ ಬರುವುದು ಸಹಜ. ಆದರೆ ಊರಿನೊಳಗಣ ಅಕ್ಕನ ಬಸದಿಯು ಶಿಲ್ಪೇತಿಹಾಸದ ವಿದ್ಯಾರ್ಥಿಗೆ ಬೇರೊಂದು ಪ್ರಶ್ನೆಯನ್ನು ಒಡ್ಡುತ್ತದೆ. ಹೊಯ್ಸಳ ಇಮ್ಮಡಿ ಬಲ್ಲಾಳನ ಮಂತ್ರಿಯಾದ ಚಂದ್ರಮೌಳಿಯ ಪತ್ನಿ ಆಚಿಯಕ್ಕನು ಕ್ರಿ.ಶ. 1181ರಲ್ಲಿ ಕಟ್ಟಿಸಿದ ಈ ಪಾರ್ಶ್ವನಾಥ ಬಸದಿಯ ನವರಂಗದಲ್ಲಿ ನುಣುಪಾಗಿ ಕಡೆದ ಕಂಬಗಳಿವೆ. ಮರಿಗೆ, ಬಟ್ಟಲುಗಳನ್ನು ಕಡೆಯುವ ಮರಗೆಲಸದ ವಿದ್ಯೆಯನ್ನು ಇಷ್ಟು ಭಾರವಾದ ಕಲ್ಲಿಗೆ ಅನ್ವಯಿಸಿದರೆಂದು ಯಾವ ಆಧಾರದಿಂದ ಹೇಳಬಹುದು? ಇದನ್ನು ನಾವಿಲ್ಲಿ ವಿಚಾರಮಾಡುತ್ತೇವೆ.

ಕಡೆಯುವ ಕೆಲಸದ ತತ್ತ್ವ ಸರಳವಾದುದು. ಕೊರೆಯುವ ಕೆಲಸದಲ್ಲಿ ವಸ್ತು ನಿಂತಿರುತ್ತದೆ, ಉಳಿ ಚಲಿಸುತ್ತದೆ. ಕಡೆಯುವುದರಲ್ಲಿ ವಸ್ತು ತಿರುಗುತ್ತದೆ, ಉಳಿ ಹಿಡಿದಲ್ಲಿಯೇ ನಿಲ್ಲುತ್ತದೆ. ಚನ್ನಪಟ್ಟಣದ ಕುಶಲಿಗಳು ಹಾಲೆಮರವನ್ನು ತಿರುಗಣೆಗೆ ಸಿಕ್ಕಿಸಿ ರೂಪಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮೈಗೆ ಅಂಟುತ್ತದೆ. ಕಲ್ಲಿಗೂ ತತ್ತ್ವ ಇದೇ, ಭೇದವಿರುವುದು ದ್ರವ್ಯದಲ್ಲಿ.

ಗೊಮ್ಮಟನ ಕಣಶಿಲೆಯಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಪ್ರಧಾನವಾದವು. ಕಾಠಿಣ್ಯದ ಹತ್ತು ಅಂಕಗಳ ಮಾನದಲ್ಲಿ ಇವು ಕ್ರಮವಾಗಿ 7 ಮತ್ತು 6. ಬಳಪದ ಕಲ್ಲಿನ ಮುಖ್ಯ ಖನಿಜಗಳಲ್ಲೊಂದಾದ ಟಾಲ್ಕಿನ ಅಂಕ 1 ಮಾತ್ರ. ಆದ್ದರಿಂದಲೇ 11ನೆಯ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯರ ನಾಡಿನಲ್ಲಿ ಬಳಪದ ಕಲ್ಲು ಬಳಕೆಗೆ ಬಂದ ಮೇಲೆ ಕಡೆದ ಕಂಬಗಳೂ ಹೆಚ್ಚಿದವು. ಹೊಯ್ಸಳರ ಶಿಲ್ಪಿಗಳು ಆ ಪರಂಪರೆಯನ್ನೇ ಮುಂದುವರಿಸಿದರು. 1133ರ ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕನ್ನಡಿಯಂತಹ ಕಂಬಗಳೂ, ಬೆಳಗೊಳಕ್ಕೆ ಸಮೀಪದ ಜಿನನಾಥಪುರದ ಶಾಂತಿನಾಥ ಬಸದಿಯ ಕಂಬಗಳೂ ಇದಕ್ಕೆ ನಿದರ್ಶನಗಳು.

ಇನ್ನು ಕಂಬಗಳ ಮೈಮೇಲಿನ ಸಾಕ್ಷ್ಯವನ್ನು ನೋಡೋಣ. ಘಂಟಾಕಾರದ ಭಾಗವನ್ನು ಎಲ್ಲಿ ಅಡ್ಡಲಾಗಿ ಅಳೆದರೂ ವೃತ್ತವೇ ದೊರೆಯುತ್ತದೆ. ಕೂದಲೆಳೆಯಂತಹ ಗೀರುಗಳು ಒಂದಕ್ಕೊಂದು ಸಮಾನಾಂತರವಾಗಿ ಸುತ್ತುವರಿದಿವೆ. ಕಂಬದ ಪೀಠವಾದರೋ ಚೌಕವಾಗಿಯೇ ಉಳಿದಿದೆ. ಅದು ತಿರುಗಣೆಗೆ ಒಳಪಡದ ಭಾಗ. ಇಂತಹ ಕಂಬಗಳ ಮೇಲೆ ಉಬ್ಬಿ ನಿಂತ ಮಣಿಸರಗಳಿದ್ದರೆ ಅವು ಕಡೆದಾದ ಬಳಿಕ ಉಳಿಯಿಂದ ಕೊರೆದವು. ಏಕೆಂದರೆ ತಿರುಗುವ ಮೈಮೇಲೆ ಹಿಡಿದ ಉಳಿಯು ಸುತ್ತಲೂ ಒಂದೇ ಸಮನಾಗಿ ಕೊರೆಯಬಲ್ಲದೇ ಹೊರತು ಬಿಡಿಬಿಡಿ ಮಣಿಗಳನ್ನು ಉಳಿಸಲಾರದು. ಕಂಬವನ್ನು ನಿಲ್ಲಿಸಿ ತಿರುಗಿಸಿದರೋ ಮಲಗಿಸಿ ತಿರುಗಿಸಿದರೋ ಎಂಬಲ್ಲಿ ವಿದ್ವಾಂಸರಿಗೆ ಮತಭೇದವುಂಟು. 2 ಅಡಿ ವ್ಯಾಸ, 5 ಅಡಿ ಎತ್ತರದ ಬಳಪದ ಕಲ್ಲಿನ ದಿಂಡು ಸುಮಾರು 1200 ಕಿಲೋಗ್ರಾಂ ತೂಗುತ್ತದೆಂಬುದನ್ನು ನೆನೆದರೆ ಕೆಲಸದ ದುಷ್ಕರತೆ ವೇದ್ಯವಾದೀತು.

ಇಲ್ಲಿ ಬಿರುಕಿನ ಮಾತೂ ಬರುತ್ತದೆ. ಮರವು ಒಣಗುವಾಗ ವಾರ್ಷಿಕ ಬಳೆಗಳ ದಿಕ್ಕಿನಲ್ಲಿ ಹೆಚ್ಚಾಗಿಯೂ ತಿರುಳಿನಿಂದ ಹೊರಮುಖವಾಗಿ ಕಡಮೆಯಾಗಿಯೂ ಕುಗ್ಗುವುದರಿಂದ ಸೀಳುತ್ತದೆ. ಇಂದಿನ ಪಾಶ್ಚಾತ್ಯ ಕುಶಲಿಗಳು ಆ ಸೀಳಿಗೆ ಬಣ್ಣದ ಕಲ್ಲಿನ ಪುಡಿಯನ್ನು ಅಂಟಿನೊಡನೆ ತುಂಬಿ, ದೋಷವನ್ನೇ ಅಲಂಕಾರವಾಗಿ ಮಾಡುವುದುಂಟು. ನಮ್ಮ ಶಿಲ್ಪಿಗೆ ಈ ಉಪಾಯ ಸಲ್ಲದು. ತಿರುಗುವ ಕಲ್ಲಿನಲ್ಲಿ ಬಿರುಕಿದ್ದರೆ ಕಂಬ ಒಡೆಯಬಹುದು. ಒಡೆಯದಿದ್ದರೂ ಛಾವಣಿಯ ಭಾರವನ್ನು ಅದಕ್ಕೆ ನಂಬಿ ಹೊರಿಸುವಂತಿಲ್ಲ. ಶಿಲ್ಪಶಾಸ್ತ್ರಗಳು ಕಲ್ಲನ್ನು ಬಡಿದು, ನಾದವನ್ನು ಕೇಳಿ, ಪುಂಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ವಿಂಗಡಿಸುವುದರ ಹಿಂದೆ ಈ ಅನುಭವವೂ ಇದ್ದಿರಬೇಕು. ಬೇಲೂರಿನ ಕಪ್ಪೆ ಚೆನ್ನಿಗರಾಯನ ಐತಿಹ್ಯದಲ್ಲಿಯೂ ಕಲ್ಲಿನೊಳಗಣ ದೋಷವು ಶಿಲ್ಪಿಯ ಮಾನದ ಪ್ರಶ್ನೆಯಾಗಿದೆ.

ಈ ವಿದ್ಯೆಯ ಇತಿಹಾಸಕ್ಕೆ ಕಂಬಗಳ ಮೇಲಿನ ಗೀರುಗಳೇ ಪ್ರಧಾನ ದಾಖಲೆ. ಸುಣ್ಣ, ಬಣ್ಣಗಳನ್ನು ಬಳಿದರೆ ಅವು ಮುಚ್ಚಿಹೋಗುತ್ತವೆ. ಬಳಿದುದನ್ನು ಉಜ್ಜಿ ತೆಗೆದರೆ ಅಳಿದೇಹೋಗುತ್ತವೆ. ಮೆದುವಾದ ಬಳಪದ ಕಲ್ಲಿಗೆ ಈ ಅಪಾಯ ಇನ್ನೂ ಹೆಚ್ಚು. ಶಾಸನದ ಅಕ್ಷರಗಳಿಗೆ ನಾವು ತೋರುವ ಗೌರವವನ್ನು ಈ ಗೀರುಗಳಿಗೂ ತೋರಬೇಕಾದುದು ನ್ಯಾಯ.