ಹಿತ್ತಲಿನ ಗೂಡಿಗೆ ಯಾರ ಕಾವಲು?

ಯುಗಾದಿಯ ಆಸುಪಾಸಿನಲ್ಲಿ ನಿಮ್ಮ ಹಿತ್ತಲ ಬೇಲಿಯನ್ನು ಗಮನವಿಟ್ಟು ನೋಡಿ. ದಾಸವಾಳದ ಪೊದೆಯಲ್ಲೋ ನಿಂಬೆಗಿಡದ ಕವಲಿನಲ್ಲೋ ಪಿಕಳಾರ ಹಕ್ಕಿ ಬಟ್ಟಲಿನಂಥ ಗೂಡು ಕಟ್ಟಿರಬಹುದು. ತಲೆ ಕಪ್ಪು, ಬಾಲದ ಬುಡದಲ್ಲಿ ಕೆಂಪು. ಬುಲ್‌ಬುಲ್ ಎಂದರೂ ಇದೇ. ಸಾಮಾನ್ಯವಾಗಿ 2-3 ಮೊಟ್ಟೆ. ಕಾವು ಕೂರುವುದು ಸುಮಾರು 2 ವಾರ; ಆಮೇಲೆ ಮರಿಗಳು ಗೂಡು ಬಿಡಲು ಹೆಚ್ಚುಕಡಿಮೆ ಅಷ್ಟೇ ಕಾಲ. ಹಕ್ಕಿಗೆ ಗಂಡಾಂತರವೆಲ್ಲ ಈ ಒಂದು ತಿಂಗಳಲ್ಲೇ.

ಹಣ್ಣು ಕುಕ್ಕುತ್ತದೆಂದು ಪಿಕಳಾರದ ಮೇಲೆ ನಿಮಗೆ ಸಿಟ್ಟಿದ್ದೀತು. ಆದರೆ ಮರಿಗಳ ಬಾಯಿಗೆ ಅದು ಹುಳುಗಳನ್ನೂ ತಂದು ಹಾಕುತ್ತದೆ. ಎಲೆಗೆ ಎಲೆ ಹೊಲಿದು ಗೂಡು ಮಾಡುವ ಪುಟ್ಟ ಟುವ್ವಿ ಹಕ್ಕಿಯಂತೂ ಗಿಡದ ಎಲೆಯಡಿಯಿಂದ ಬೆಳಗಿನಿಂದ ಸಂಜೆಯವರೆಗೆ ಹುಳ ಹೆಕ್ಕುತ್ತಲೇ ಇರುತ್ತದೆ. ಕೂಲಿ ಕೇಳದ ಆಳು!

ಗೂಡಿಗೆ ಶತ್ರುಗಳು ಹಲವು. ಕಾಗೆ ಎಲ್ಲರಿಗೂ ಗೊತ್ತು. ಉದ್ದ ಬಾಲದ ಮಟಪಕ್ಷಿಯೂ ಮೊಟ್ಟೆ-ಮರಿ ಬಿಡುವುದಿಲ್ಲ. ಎದುರಾದರೆ ಶುಭವೆಂದು ನಾವು ಕೈ ಮುಗಿಯುವ ಕೆಂಬೂತವೂ (ರತ್ನಪಕ್ಷಿ) ಪೊದೆಯೊಳಗೆ ನುಸುಳಿ ಗೂಡು ದೋಚುವುದರಲ್ಲಿ ನಿಸ್ಸೀಮ. ಕೇರೆ ಹಾವು ಮೊಟ್ಟೆಯನ್ನು ಇಡಿಯಾಗಿ ನುಂಗುತ್ತದೆ. ಗೂಡು ಹಾಗೇ ಇದ್ದು ಒಳಗೆ ಖಾಲಿಯಾಗಿದ್ದರೆ ಅದರ ಮೇಲೆ ಅನುಮಾನ ಪಡಬಹುದು. ಗೂಡು ಕಿತ್ತು ಜೋತಾಡುತ್ತಾ ಕೆಳಗೆ ಪುಕ್ಕ ಬಿದ್ದಿದ್ದರೆ ಮನೆಯ ಬೆಕ್ಕನ್ನೇ ಮೊದಲು ವಿಚಾರಿಸಿ.

ಹಾಗೆಂದು ಕೋಲು ಹಿಡಿದು ಕೇರೆಯನ್ನು ಅಟ್ಟಬೇಡಿ. ವಿಷವಿಲ್ಲದ ಈ ಹಾವು ಗದ್ದೆಯ ಇಲಿಗಳನ್ನು ತಿನ್ನುತ್ತದೆ. ನಾಲ್ಕು ಮೊಟ್ಟೆಯ ನಷ್ಟವನ್ನೂ ಇಲಿ ತಿನ್ನುವ ಭತ್ತವನ್ನೂ ತಕ್ಕಡಿಗೆ ಹಾಕಿದರೆ ತೂಕ ಯಾವ ಕಡೆಗೆಂದು ರೈತನಿಗೆ ಹೇಳಬೇಕಾಗಿಲ್ಲ. ಪಿಕಳಾರವೇನೂ ಸೋತು ಕೂರುವುದಿಲ್ಲ. ಒಂದು ಗೂಡು ಹೋದರೆ ಇನ್ನೊಂದು ಕಟ್ಟುತ್ತದೆ.

ಹಕ್ಕಿಗಳಿಗೂ ಕಾವಲುಗಾರನೊಬ್ಬನುಂಟು, ಕಾಜಾಣ. ಕವಲೊಡೆದ ಬಾಲದ ಈ ಕರಿಹಕ್ಕಿ ತನ್ನ ಗೂಡಿನ ಬಳಿ ಬಂದ ಕಾಗೆಯನ್ನೂ ಹದ್ದನ್ನೂ ಮೇಲೆರಗಿ ಓಡಿಸುತ್ತದೆ. ಕಾಜಾಣದ ಮರದಲ್ಲೇ ಬೆಳವ ಮುಂತಾದ ಸಾಧು ಹಕ್ಕಿಗಳು ಗೂಡು ಕಟ್ಟುವುದು ಇದಕ್ಕೇ ಇರಬೇಕು. ಉತ್ತರದವರು ಇದನ್ನು ಕೊತ್ವಾಲ್ ಎಂದು ಕರೆಯುವುದು ಸರಿಯಾಗಿಯೇ ಇದೆ.

ಗೂಡು ನೋಡುವ ಆಸೆ ಇದ್ದರೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ಕೊಟ್ಟಿಗೆಯ ಮರೆಯಲ್ಲಿ ಕುಳಿತು ನೋಡಿ. ರೆಂಬೆ ಬಗ್ಗಿಸಿ ಇಣುಕಬೇಡಿ. ತಾಯಿಹಕ್ಕಿ ಗಾಬರಿಯಿಂದ ಹಾರಿದರೆ ಹತ್ತಿರದ ಮರದಲ್ಲಿರುವ ಕಾಗೆಗೆ ಗೂಡಿನ ಠಾವು ತಿಳಿಯುತ್ತದೆ. ಮುರಿದ ರೆಂಬೆಯಿಂದ ಮರೆಯೂ ತಪ್ಪುತ್ತದೆ. ಬೇಲಿ ಕತ್ತರಿಸುವ ಕೆಲಸವಿದ್ದರೆ ಗೂಡಿನ ಸುತ್ತಲಿನ ಒಂದು ಮಾರು ಬಿಟ್ಟು ಉಳಿದದ್ದನ್ನು ಕತ್ತರಿಸಿ. ಮರಿಗಳು ಹಾರಿದ ಮೇಲೆ ಅದನ್ನೂ ಸವರಬಹುದು. ಗೂಡು ಕೀಳುವ, ಮೊಟ್ಟೆ ಎತ್ತುವ ಹುಡುಗರಿಗೆ ಬುದ್ಧಿ ಹೇಳಿ; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಹಕ್ಕಿಯ ಗೂಡು, ಮೊಟ್ಟೆಗಳಿಗೆ ಕೈಹಾಕುವುದು ಅಪರಾಧ.

ಬೆಕ್ಕಿಗೆ ಮಾತ್ರ ಉಪಾಯ ನಮ್ಮ ಕೈಯಲ್ಲೇ ಇದೆ. ಗಿಡದ ಬುಡಕ್ಕೆ ಜಾಲಿಮುಳ್ಳಿನ ಹೊರೆ ಒತ್ತಿ. ಗೂಡು ಮರದಲ್ಲಿದ್ದರೆ, ಇಲಿ ಹತ್ತದಂತೆ ತೆಂಗಿಗೆ ಸುತ್ತುವ ತಗಡನ್ನೇ ಕಾಂಡಕ್ಕೆ ಸುತ್ತಬಹುದು.

ಮರಿಗಳು ಗೂಡು ಬಿಟ್ಟ ಮೊದಲ ದಿನಗಳಲ್ಲಿ ಸರಿಯಾಗಿ ಹಾರಲಾರವು, ನೆಲದಲ್ಲೇ ಕುಪ್ಪಳಿಸುತ್ತವೆ. ತಾಯಿ ಬಿಟ್ಟುಹೋಯಿತೆಂದು ಮನೆಗೆ ತಂದು ಅನ್ನ ತಿನ್ನಿಸಬೇಡಿ. ಮನುಷ್ಯ ಮುಟ್ಟಿದ ಮರಿಯನ್ನು ಹಕ್ಕಿ ಸೇರಿಸುವುದಿಲ್ಲವೆಂಬ ಮಾತು ಸುಳ್ಳು. ಎತ್ತಿ ಹತ್ತಿರದ ಪೊದೆಯ ರೆಂಬೆಯ ಮೇಲಿಟ್ಟು ದೂರ ಸರಿಯಿರಿ. ಅದರ ಕೂಗಿಗೆ ತಾಯಿ-ತಂದೆ ಹುಳು ಕಚ್ಚಿಕೊಂಡು ಬರುತ್ತವೆ. ಆ ಮೂರು-ನಾಲ್ಕು ದಿನ ಬೆಕ್ಕು ಕಣಜದ ಕೋಣೆಯಲ್ಲಿ ಇಲಿ ಕಾಯುತ್ತಿರಲಿ, ಬಾಗಿಲು ಹಾಕಿಡಿ.