ತೆಂಗಿನ ಬುಡದಿಂದ ಗಾಜಿನ ತೊಟ್ಟಿಗೆ

ಮಳೆಗಾಲದ ಬೆಳಗ್ಗೆ ಮಂಗಳೂರಿನ ಕೊಟ್ಟಾರಚೌಕಿಯ ಹೆದ್ದಾರಿ ಬಿಟ್ಟು ದೇರೆಬೈಲಿನ ಒಳರಸ್ತೆಗೆ ಹೊರಳಿದರೆ ಲಾರಿಗಳ ಸದ್ದು ಹಿಂದೆ ಬಿದ್ದು ನೀರಿನ ಸದ್ದು ಶುರುವಾಗುತ್ತದೆ. ಮುರಕಲ್ಲಿನ ಕಂಪೌಂಡುಗಳಿಗೆ ಪಾಚಿ ದಪ್ಪಗೆ ಹತ್ತಿದೆ, ಚರಂಡಿಯ ತುಂಬ ಕೆಂಪು ನೀರು. ಫ್ಲ್ಯಾಟುಗಳ ನಡುವೆ ಹೇಗೋ ಉಳಿದುಕೊಂಡ ಹಂಚಿನ ಮನೆಯೊಂದರ ಹಿತ್ತಿಲಲ್ಲಿ, ತಲೆಗೆ ಮುಂಡಾಸು ಸುತ್ತಿದ ಹಿರಿಯರೊಬ್ಬರು ತೆಂಗಿನ ಬುಡದಲ್ಲಿ ಕೂತು ಏನನ್ನೋ ಹುಡುಕುತ್ತಿದ್ದಾರೆ. ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಓಣಿಯ ಮಕ್ಕಳಿಗೆಲ್ಲ ಇವರು ಮೀನಜ್ಜ.

ಬನ್ನಿ, ಸದ್ದು ಮಾಡದೆ ಪಕ್ಕದಲ್ಲಿ ನಿಲ್ಲೋಣ. ಅವರು ಹಾರೆ ಹಿಡಿದು ಅಗೆಯುವುದಿಲ್ಲ. ಬುಡಕ್ಕೆ ಹಾಕಿದ ತೆಂಗಿನ ಸಿಪ್ಪೆ ಅರ್ಧ ಕೊಳೆತು ಕಪ್ಪಗಾಗಿದೆ. ಅದನ್ನು ಕೋಲಿನಲ್ಲಿ ಮೆಲ್ಲಗೆ ಎತ್ತುತ್ತಾರೆ. ಒದ್ದೆ ಮಣ್ಣಿನ ವಾಸನೆ ಗಪ್ಪನೆ ಮೂಗಿಗೆ ಬಡಿಯುವಷ್ಟರಲ್ಲಿ, ಸಿಪ್ಪೆಯ ಕೆಳಗಿನಿಂದ ನೇರಳೆ ಬಣ್ಣದ ಸಪೂರ ಹುಳುಗಳು ಬೆಳಕಿಗೆ ಬೆಚ್ಚಿ ಚಿಮ್ಮುತ್ತವೆ. ನಮ್ಮ ನೆಲದ್ದೇ ಆದ ಎರೆಹುಳು ಇದು, ಪೆರಿಯೋನಿಕ್ಸ್ ಎಕ್ಸ್‌ಕವೇಟಸ್. ತುಳುವರ ಬಾಯಲ್ಲಿ ಎಲ್ಲ ಎರೆಹುಳುವೂ ನಕ್ಕುರು. ಆಳಕ್ಕಿಳಿಯದೆ ಕೊಳೆತ ಸಿಪ್ಪೆ, ಸಗಣಿಯ ಮೇಲ್ಪದರದಲ್ಲೇ ಬಾಳುವ ಇವನ್ನು ಅಜ್ಜ ಎರಡು ಬೆರಳಲ್ಲಿ ಹಿಡಿದು ಗೆರಟೆಗೆ ಹಾಕುತ್ತಾರೆ. ಬೇಕಾದಷ್ಟು ಸಿಕ್ಕಿತೆಂದರೆ ಸಿಪ್ಪೆಯನ್ನು ಇದ್ದ ಹಾಗೆಯೇ ಮುಚ್ಚಿಬಿಡುತ್ತಾರೆ.

ಹಿಡಿದ ಹುಳು ಇವತ್ತೇ ಮೀನಿನ ಬಾಯಿಗೆ ಹೋಗುವುದಿಲ್ಲ. ತೊಳೆದು ಹಿಂಡಿದ ತೆಂಗಿನ ನಾರಿನಲ್ಲಿ ಒಂದು ರಾತ್ರಿ ಕಳೆದರೆ ಹೊಟ್ಟೆಯೊಳಗಿನ ಮಣ್ಣೆಲ್ಲ ಹೊರಬೀಳುತ್ತದೆ, ಮೈ ತಿಳಿಯಾಗುತ್ತದೆ. ಜಗಲಿಯ ಮೂಲೆಯ ಡಬ್ಬದಲ್ಲಿ ನಿನ್ನೆಯವು ಸಿದ್ಧವಾಗಿವೆ. ಅವನ್ನು ಬಾವಿಯ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸುತ್ತಾರೆ. ತುಂಬೆಯ ಅಣೆಕಟ್ಟಿನಿಂದ ನಳ್ಳಿಗೆ ಬರುವ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಮೀನಿನ ಕೆಲಸಕ್ಕೆಲ್ಲ ಬಾವಿಯದೇ ನೀರು. ನೀರು ಚೂರೂ ಕದಡದೆ ಉಳಿದ ಮೇಲೆ ಹಳೆಯ ಹಂಚಿನ ತುಂಡೊಂದರ ಮೇಲಿಟ್ಟು ಬ್ಲೇಡಿನಿಂದ ಸಣ್ಣಗೆ ಕತ್ತರಿಸುತ್ತಾರೆ. ನೋಡಲು ಹಿತವಾದ ದೃಶ್ಯವಲ್ಲ. ಆದರೂ ಅವರ ಕೈಯಲ್ಲಿ ಅವಸರವಿಲ್ಲ, ಅಸಹ್ಯವಿಲ್ಲ.

ಈಗ ಜಗಲಿಯ ತೊಟ್ಟಿಗಳ ಮುಂದೆ ನಿಂತುಕೊಳ್ಳಿ. ಏರ್‌ಪಂಪಿನ ಗುಂಯ್ ಸದ್ದಿನ ನಡುವೆ ಏಂಜಲ್ ಮೀನುಗಳು ತೆಳ್ಳಗೆ, ತಟ್ಟೆಯಂತೆ, ಅತ್ತಿಂದಿತ್ತ ಅಲೆಯುತ್ತಿವೆ. ಕಾಳು ಹಾಕಿದಾಗಲೂ ಅವು ಬರುತ್ತವೆ, ತಿನ್ನುತ್ತವೆ. ಆದರೆ ಹುಳುವಿನ ತುಂಡೊಂದು ನುಲಿಯುತ್ತ ಇಳಿಯತೊಡಗಿದಾಗ ನಡೆಯುವುದೇ ಬೇರೆ. ಈಜು ಒಮ್ಮೆಗೇ ನಿಲ್ಲುತ್ತದೆ. ರೆಕ್ಕೆ ಸೆಟೆಯುತ್ತದೆ. ಮೈ ಮುಂದಕ್ಕೆ ಬಾಗಿ, ಎರಡೂ ಕಣ್ಣು ಆ ತುಂಡಿನ ಮೇಲೆ ನೆಟ್ಟು, ಒಂದು ಗಳಿಗೆ ಅಲ್ಲಾಡದೆ ನಿಂತು, ಮರುಗಳಿಗೆಯಲ್ಲಿ ಬಾಯಿ ಚಾಚಿ ಒಳಕ್ಕೆ ಎಳೆದುಕೊಳ್ಳುತ್ತದೆ. ಕೆಲವೊಮ್ಮೆ ಎರಡು ಮೀನು ಒಂದೇ ತುಂಡಿನ ಎರಡು ತುದಿ ಹಿಡಿದು ಜಗ್ಗಾಡುವುದುಂಟು. ಪಕ್ಕದ ದೊಡ್ಡ ತೊಟ್ಟಿಯ ಆಸ್ಕರ್‌ಗೆ ಕತ್ತರಿಸುವ ಗೊಡವೆಯೇ ಇಲ್ಲ. ನೀರಿನ ಮೇಲೆ ‘ಟಪ್’ ಎಂದು ಸದ್ದಾಯಿತೆಂದರೆ ಇಡೀ ಹುಳು ಮಾಯ. ಇವುಗಳ ಪೂರ್ವಿಕರು ಅಮೆಜಾನ್ ಸೀಮೆಯವರು. ಸಾಕಣೆ ತೊಟ್ಟಿಗಳಲ್ಲಿ ತಲೆಮಾರುಗಳೇ ಕಳೆದ ಮೇಲೂ, ಹೊಳೆಯನ್ನೇ ಕಾಣದ ಈ ಮೀನಿಗೆ ಬೇಟೆ ಮರೆತಿಲ್ಲ. ಇದನ್ನು ನೋಡಿದವರಿಗೆ ಬರೀ ಕಾಳು ಹಾಕಿ ಮೀನು ಸಾಕಲು ಮನಸ್ಸು ಬಾರದು.

ಎರೆಹುಳುವಿನ ಒಣತೂಕದಲ್ಲಿ ಶೇಕಡಾ 60ರಿಂದ 70ರಷ್ಟು ಪ್ರೋಟೀನ್. ಮರಿ ಮಾಡಿಸುವ ಜೋಡಿಗೆ ಕೆಲವು ವಾರ ಇದನ್ನು ತಿನ್ನಿಸಿದರೆ ಹೆಣ್ಣಿನ ಹೊಟ್ಟೆ ತುಂಬಿಕೊಳ್ಳುತ್ತದೆ. ಇದನ್ನೆಲ್ಲ ಅಜ್ಜನಿಗೆ ಕಲಿಸಿದ್ದು ಎಕ್ಕೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದುತ್ತಿದ್ದ ಅಣ್ಣನ ಮಗ. 1969ರಲ್ಲಿ ಶುರುವಾದ ಆ ಕಾಲೇಜು ಈ ಬಗೆಯದರಲ್ಲಿ ದೇಶಕ್ಕೇ ಮೊದಲನೆಯದು. ಎಲ್ಲ ಎರೆಹುಳುವೂ ಮೀನಿಗೆ ಆಗದು ಎಂದು ಹೇಳಿದವನೂ ಅವನೇ. ಗೊಬ್ಬರದ ತೊಟ್ಟಿಗೆ ಮಾರುವ ಕೆಂಪು ಪಟ್ಟೆಯ ಐಸೀನಿಯಾ ಫೆಟಿಡಾ ಹಿಡಿದೊಡನೆ ನಾರುವ ಹಳದಿ ರಸ ಬಿಡುತ್ತದೆ. ಆ ರಸದಲ್ಲಿ ಲೈಸೆನಿನ್ ಎಂಬ ವಿಷದ ಪ್ರೋಟೀನ್ ಇದೆ. ಬಾಯಿಗಿಟ್ಟ ಮೀನು ಅನೇಕ ಸಲ ತೂ ಎಂದು ಉಗುಳಿಬಿಡುತ್ತದೆ.

ಅಂಗಡಿಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸಿಗುವ ಟ್ಯೂಬಿಫೆಕ್ಸ್‌ನ ಕಥೆಯೇ ಬೇರೆ. ಕೆಂಪು ದಾರದ ಉಂಡೆಯಂಥ ಈ ಹುಳುಗಳು ತಲೆಯನ್ನು ಕೆಸರಲ್ಲಿ ಹೂತು, ಬಾಲವನ್ನು ನೀರಲ್ಲಿ ಬೀಸುತ್ತ ಉಸಿರಾಡುತ್ತವೆ. ಆಮ್ಲಜನಕ ತೀರಾ ಕಡಿಮೆಯಿರುವ ಕೊಳಚೆಯಲ್ಲೂ ಬದುಕಲು ಇವಕ್ಕೆ ನೆರವಾಗುವುದು ಆ ರಕ್ತದ ಕೆಂಪೇ. ಹೆಚ್ಚಾಗಿ ಚರಂಡಿಯ ಕೆಸರಿನಿಂದಲೇ ಬಾಚಿ ತಂದದ್ದಾದ್ದರಿಂದ ಚರಂಡಿಯ ರೋಗವೂ ಜೊತೆಗೆ ಬರಬಹುದು. ಒಂದೆರಡು ದಿನ ಹರಿಯುವ ನೀರಿನಡಿ ಇಟ್ಟು, ಸತ್ತದ್ದನ್ನು ತೆಗೆದು, ತೂತಿನ ತೇಲುಬುಟ್ಟಿಯಲ್ಲಿ ಹಾಕಬೇಕು. ಸುಮ್ಮನೆ ಸುರಿದರೆ ಜಲ್ಲಿಯೊಳಗೆ ನುಸುಳಿ, ಅಲ್ಲೇ ಸತ್ತು, ನೀರನ್ನು ಕೆಡಿಸುತ್ತವೆ. ಹಿತ್ತಿಲು ಇದ್ದವರಿಗೆ ಈ ಪಾಡು ಯಾಕೆ ಎಂದು ನನಗೂ ಅನ್ನಿಸುತ್ತದೆ.

ಮರಿಗಳಿಗೆ ಮಾತ್ರ ಎರೆಹುಳು ಎಷ್ಟು ಕೊಚ್ಚಿದರೂ ದೊಡ್ಡದೇ. ಏಂಜಲ್‌ನ ಮೊಟ್ಟೆ ಒಡೆಯಲು ಎರಡು ಮೂರು ದಿನ, ಮರಿ ಈಜತೊಡಗಲು ಮತ್ತೆ ನಾಲ್ಕೈದು ದಿನ. ಆ ಹೊತ್ತಿಗೆಂದೇ ಕಪಾಟಿನಲ್ಲೊಂದು ಡಬ್ಬ ಇದೆ. ಮುಚ್ಚಳ ತೆಗೆದರೆ ಹುದುಗಿದ ದೋಸೆಹಿಟ್ಟಿನ ಹುಳಿವಾಸನೆ. ಬೇಯಿಸಿದ ಓಟ್ಸ್‌ಗೆ ಚಿಟಿಕೆ ಯೀಸ್ಟ್ ಹಾಕಿ ಬೆಳೆಸಿದ ಮೈಕ್ರೋವರ್ಮ್‌ಗಳು, ಒಂದೊಂದೂ ಒಂದೆರಡು ಮಿಲಿಮೀಟರ್, ಡಬ್ಬದ ಗೋಡೆ ಹತ್ತಿ ಮಿಣಮಿಣ ಹೊಳೆಯುತ್ತವೆ. ಅಜ್ಜ ತೋರುಬೆರಳಿಂದ ಒರೆಸಿ ಆ ಬೆರಳನ್ನೇ ನೀರಿಗೆ ಅದ್ದುತ್ತಾರೆ. ಸಣ್ಣ ಮೋಡದಂಥದ್ದು ಇಳಿಯುತ್ತದೆ, ಮರಿಗಳ ಗುಂಪು ಅದರೊಳಗೆ ಮುಳುಗುತ್ತದೆ.

ಪಕ್ಕದ ಮನೆಯ ಹುಡುಗ ಬಾಟ್ಲಿಯಲ್ಲಿ ಫೈಟರ್ ಮೀನು ಹಿಡಿದುಕೊಂಡು ಬಂದಿದ್ದಾನೆ.

“ಅಜ್ಜ, ಇದಕ್ಕೆ ಬಕೆಟಿನಲ್ಲಿ ನೀರಿಟ್ಟು ಸೊಳ್ಳೆಮರಿ ಮಾಡ್ಲಿಕ್ಕೆ ಆಗ್ತದಾ?”

“ಬೇಡ್ವೇ ಬೇಡ ಮಗಾ.” ಮೊದಲ ಬಾರಿಗೆ ಅವರ ದನಿ ಗಡುಸಾಗುತ್ತದೆ. ಮಲೇರಿಯಾ, ಡೆಂಗೆಯಿಂದ ಮಂಗಳೂರು ಪಟ್ಟ ಪಾಡು ಅವರಿಗೆ ಗೊತ್ತು. ಸೊಳ್ಳೆಮರಿಗಳನ್ನು ತಿನ್ನಲೆಂದೇ ಇಲ್ಲಿ ಬಾವಿಗಳಿಗೆ ಗಪ್ಪಿ ಮೀನು ಬಿಡುತ್ತಾರೆ. ಅಂಥ ಊರಲ್ಲಿ ಮೀನಿಗಾಗಿ ಸೊಳ್ಳೆ ಸಾಕುವುದೆಂದರೆ ಏನು?

ಹಂಚಿನ ಮೇಲೆ ಉಳಿದ ಹುಳುವಿನ ಚೂರುಗಳನ್ನು ಎಲೆಯಲ್ಲಿ ಕಟ್ಟಿ ಕೊಡುತ್ತಾರೆ.

“ಎಷ್ಟು ಹಾಕ್ಲಿಕ್ಕುಂಟು?”

“ಮೂರು ಚೂರು. ಅದರ ಕಣ್ಣಿಗಿಂತ ದೊಡ್ಡದು ಬೇಡ. ವಾರಕ್ಕೆ ಎರಡು ಸಲ ಹಾಕು, ಬಾಕಿ ದಿನ ಕಾಳು. ತಿನ್ನದೆ ಬಿಟ್ಟದ್ದನ್ನು ಆಗಲೇ ತೆಗೀಬೇಕು, ಆಯ್ತಾ? ಮತ್ತೆ ಈ ಬಾಟ್ಲಿ ಸಾಲದು ಮಾರಾಯ. ಅಟ್ಟದಲ್ಲಿ ಒಂದು ಹಳೆ ತೊಟ್ಟಿ ಉಂಟು, ಸಂಜೆ ಅಪ್ಪನನ್ನು ಕರ್ಕೊಂಡು ಬಾ, ಇಳಿಸುವ.”